ಗುರುಮಲ್ಲಮ್ಮನವರಿಗೆ ಬಾಯ್ಲರ್ ಮಾಡಿದ ಫೋನು

ಬಾಯ್ಲರ್ ಸಿಡಿದರೆ ಮಾಲೀಕ ಸಾಯುವುದಿಲ್ಲ. ಬಾಯ್ಲರಿಗೆ ಸೌದೆ ಹಾಕುವವನು ಸಾಯುತ್ತಾನೆ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿದ್ದೂ ಮಾರನೆಯ ದಿನದ ಪೇಪರಿನಲ್ಲಿ 'ದುರದೃಷ್ಟಕರ ಘಟನೆ' ಅಂತ ಓದಿ, ತ್ಚು ತ್ಚು ಅಂದು, ಕಾಫಿ ಲೋಟ ಕೆಳಗಿಟ್ಟು ಸಿನಿಮಾ ಪುಟಕ್ಕೆ ಹೋಗುವವರೇ ಎಲ್ಲ. ಅದೃಷ್ಟ ದುರದೃಷ್ಟಗಳು ಬಾಯ್ಲರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೀರು ಇದೆಯೋ ಇಲ್ಲವೋ ಅನ್ನುವುದೊಂದೇ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಶಿವಮೂರ್ತಿ ಎಂಬುವವರ ಅರಿಸಿನದ ಕಾರ್ಖಾನೆ ಇತ್ತು. ರೈತರು ತಂದ ಹಸಿ ಅರಿಸಿನವನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಈರೋಡಿನ ವ್ಯಾಪಾರಿಗಳಿಗೆ ಕಳಿಸುವುದು. ಅಲ್ಲಿ ನಾಯಿಯೂ ಹಳದಿ, ಗೋಡೆಯೂ ಹಳದಿ. ಎರಡು ಸಾವಿರದ ಮೂರರ ಸುಮಾರಿಗೆ ವೃಷಭೇಂದ್ರಪ್ಪ ಅಲ್ಲಿಗೆ ಬಂದು ಸೇರಿದರು. ಅವರ ವಿಸಿಟಿಂಗ್ ಕಾರ್ಡಿನ ಮೇಲೆ 'ಜನರಲ್ ಮ್ಯಾನೇಜರ್, ತಾಂತ್ರಿಕ ವಿಭಾಗ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಆ ವಿಭಾಗದಲ್ಲಿ ಇದ್ದದ್ದು ಅವರು ಮತ್ತು ಎಲೆಕ್ಟ್ರಿಷಿಯನ್ ರಂಗನಾಯಕ. ರಂಗನಾಯಕ ರಜೆ ಹಾಕಿದ ದಿನ ಜನರಲ್ ಮ್ಯಾನೇಜರರು ತಮ್ಮನ್ನು ತಾವೇ ಮ್ಯಾನೇಜ್ ಮಾಡಿಕೊಳ್ಳುತ್ತಿದ್ದರು.

ಯಂತ್ರ ಕಾಯುವ ಹುಚ್ಚು ಅವರಿಗೆ ಹುಟ್ಟಿನಿಂದಲೇ ಬಂದದ್ದು. ಸಂತೆಮರಹಳ್ಳಿ ಪಕ್ಕದ ಊರಲ್ಲಿ ಚಿಕ್ಕವರಿದ್ದಾಗ ಅವ್ವ ಒಲೆ ಮುಂದೆ ಹಾಲು ನೋಡಿಕೊಳ್ಳಲು ಕೂರಿಸಿದರೆ, ಪಾತ್ರೆಯೊಳಗೆ ಒಂದು ಬಟ್ಟಲು ಬೋರಲು ಹಾಕಿ, ಹಾಲು ಉಕ್ಕುವ ಮುಂಚೆ ಅದು ಟಕಟಕ ಅನ್ನುವಂತೆ ಮಾಡಿ, ತಾವು ಗೋಲಿ ಆಡಲು ಹೋಗಿದ್ದರು. ಬಟ್ಟಲು ಟಕಟಕ ಅಂದಿತು. ಹಾಲೂ ಉಕ್ಕಿತು. ಬೆನ್ನಿಗೆ ಬಿದ್ದದ್ದು ಬೇರೆ. ಮುಂದೆ ಡಿಪ್ಲೊಮಾ ಮಾಡಿ ಮೈಸೂರಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದರು. ಬೇರಿಂಗು ಬಿಸಿಯಾದರೆ ಗಂಟೆ ಹೊಡೆಯುವ ಸಾಧನ ಕಂಡುಹಿಡಿದರು. ಅದಕ್ಕೆ ಪ್ರಶಸ್ತಿ ತೆಗೆದುಕೊಳ್ಳಲು ದೆಹಲಿಗೆ ಹೋದವರು ಅವರ ಮೇಲಧಿಕಾರಿ. ಅದು ನಮ್ಮ ದೇಶದ ಪದ್ಧತಿ, ಅದಕ್ಕೆ ಅತ್ತು ಪ್ರಯೋಜನವಿಲ್ಲ.

ಅರಿಸಿನದ ಕಾರ್ಖಾನೆಗೆ ಬಂದ ಮೊದಲ ದಿನವೇ ಬಾಯ್ಲರ್ ಮನೆ ನೋಡಿ ಅವರಿಗೆ ಊಟ ಸೇರಲಿಲ್ಲ. ಒಳಗೆ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಅರಿಸಿನದ ಧೂಳಿಗೆ ಹಳದಿಗಟ್ಟಿ, ಒಳಗಿರುವುದು ನೀರೋ ಗಾಳಿಯೋ ತಿಳಿಯುತ್ತಿರಲಿಲ್ಲ. ಅದರ ಪಕ್ಕದಲ್ಲಿ ಬೀಡಿ ಕಚ್ಚಿಕೊಂಡು ಸೌದೆ ತಳ್ಳುತ್ತಿದ್ದವನು ಪುಟ್ಟಮಾದು.

"ನೀರು ಎಷ್ಟಿದೆ ಅಂತ ಹೇಗೆ ತಿಳಿಯುತ್ತಪ್ಪ ನಿನಗೆ?"

"ಅಂದಾಜಾಯ್ತದೆ ಸಾ."

"ಅಂದಾಜು ತಪ್ಪಿದರೆ?"

"ತಪ್ಪುದ್ರೆ ನಂಗೆ ತಿಳಿಯಾಕೆ ನಾನೆಲ್ಲಿರ್ತಿನಿ ಸಾ?" ಎಂದು ಪುಟ್ಟಮಾದು ಹಲ್ಲು ಬಿಟ್ಟ.

ಆ ನಗುವೇ ವೃಷಭೇಂದ್ರಪ್ಪನವರ ಎದೆಗೆ ಮುಳ್ಳಿನಂತೆ ನಾಟಿಕೊಂಡಿತು. ಹೊಸ ಗಾಜು ಬೇಕೆಂದು ಕೇಳಿದರು. "ಸೀಜನ್ ಮುಗೀಲಿ" ಅಂದರು ಶಿವಮೂರ್ತಿ. ಹಾಗಾಗಿ ಇದ್ದಬದ್ದ ಸಾಮಾನಿನಲ್ಲೇ ತಮ್ಮ ಮೊದಲ ಸಾಧನ ಕಟ್ಟಿದರು. ನೀರು ಇಳಿದರೆ ಬಾಯ್ಲರ್ ಮನೆಯ ಗೋಡೆಯ ಮೇಲೆ ಕೆಂಪು ದೀಪ ಉರಿಯಬೇಕು. ಉರಿದ ತಕ್ಷಣ ಪುಟ್ಟಮಾದು ಬೆಂಕಿ ಎಳೆದು ಹೊರಗೆ ಓಡಬೇಕು.

ವಾರ ಕಳೆದು ಹೋಗಿ ನೋಡಿದರೆ ದೀಪ ಉರಿಯುತ್ತಿದೆ! ಓಡಿ ಒಳಗೆ ನುಗ್ಗಿದರು. ದೀಪದ ಹಿಂದೆ ಮಾದಪ್ಪನ ಪಟ, ಪಟಕ್ಕೆ ಚೆಂಡುಹೂವಿನ ಹಾರ, ಕೆಳಗೆ ಊದುಬತ್ತಿ. ಪುಟ್ಟಮಾದು ಆರಾಮಾಗಿ ಕೂತು ಬೀಡಿ ಎಳೆಯುತ್ತಿದ್ದಾನೆ.

"ಏನಯ್ಯಾ ಇದು!"

"ಕೆಂಪು ಬಲ್ಪು ಸುಮ್ಕೆ ಇತ್ತಲ್ಲ ಸಾ, ಮಾದಪ್ಪನ್ನ ಕೂರುಸ್ದೊ."

"ಅದು ಸರಿ, ಉರೀತಾ ಇದೆಯಲ್ಲ?"

ರಂಗನಾಯಕ ಹೆಮ್ಮೆಯಿಂದ ಮುಂದೆ ಬಂದ. "ಅದು ಆರೋಗಿತ್ತು ಸಾ. ದ್ಯಾವ್ರು ಕತ್ಲಲ್ಲಿ ಕೂತವ್ನೆ, ಸಂದಾಕಿರಾಕಿಲ್ಲ ಅಂತ ನಾನೇ ನೇರ ಕರೆಂಟು ಕೊಟ್ಬುಟ್ಟೆ. ಈಗ ಯಾವತ್ತೂ ಆರಾಕಿಲ್ಲ."

ಇದಕ್ಕೆ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲಿ ಉತ್ತರವಿದೆ? ಮಾದಪ್ಪನ ಮುಂದಿನ ದೀಪ ಆರಿಸಿದ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ವೃಷಭೇಂದ್ರಪ್ಪ ಕೈ ಮುಗಿದು ಹೊರಬಂದರು.

ಎರಡನೆಯದು ಸೈರನ್. ಕಣ್ಣು ಮೋಸ ಮಾಡಬಹುದು, ಕಿವಿ ಮಾಡಲಾರದು ಎಂಬ ಸಿದ್ಧಾಂತ. ಮೊದಲ ಸಲ ಅದು ಕೂಗಿದಾಗ ಬೆಳಗಿನ ಹತ್ತು ಗಂಟೆ. ಪಾಲಿಶ್ ಡ್ರಮ್ಮಿನವರು, ಅರಿಸಿನ ಒಣಹಾಕುವ ಹೆಂಗಸರು, ಲಾರಿಗೆ ಮೂಟೆ ಹೊರುವವರು ಎಲ್ಲರೂ ಕೈ ತೊಳೆದು ಬುತ್ತಿ ಬಿಚ್ಚಿದರು.

"ಸೈರನ್ ಆಯ್ತು, ಉಣ್ಣಾಕೆ ಓಗನ ನಡೀರ್ಲಾ!" ಎಂದು ಎಲ್ಲರಿಗಿಂತ ಮುಂಚೆ ಬಾಯ್ಲರ್ ಬಿಟ್ಟು ಹೋಗಿದ್ದವನು ಪುಟ್ಟಮಾದುವೇ.

ಅವತ್ತು ನೀರು ಸ್ವಲ್ಪವೇ ಇಳಿದಿತ್ತು, ಬಚಾವು. ಮಾರನೆಯ ದಿನ ಶಿವಮೂರ್ತಿ ಸೈರನ್ ಕೀಳಿಸಿದರು. "ನಿಮ್ಮ ಸೈರನ್ನು ಇದ್ದರೆ ಜನ ದಿನಕ್ಕೆ ನಾಲ್ಕು ಸಲ ಉಣ್ಣುತ್ತಾರೆ ಕಣ್ರೀ."

ಮೂರನೆಯದಕ್ಕೆ ಮನುಷ್ಯರ ಹಂಗೇ ಬೇಡ ಎಂದು ತೀರ್ಮಾನಿಸಿದರು. ನೀರು ಇಳಿದರೆ ಬೆಂಕಿಗೆ ಗಾಳಿ ಊದುವ ಬ್ಲೋವರ್ ತಾನಾಗಿ ನಿಲ್ಲಬೇಕು. ನಿಂತಿತು ಕೂಡ. ಸೀಜನ್ನಿನ ಮಧ್ಯೆ ಮತ್ತೆ ಮತ್ತೆ ನಿಂತಿತು. ಈರೋಡಿನ ಲಾರಿ ಗೇಟಿನಲ್ಲಿ ಕಾದಿತ್ತು. ಶಿವಮೂರ್ತಿ ರಂಗನಾಯಕನನ್ನು ಕರೆದು ಒಂದು ಗೇಣು ವೈರು ಕೊಡಿಸಿ, ಆ ಸಾಧನವನ್ನು ಸುತ್ತುಬಳಸಿ ಕರೆಂಟು ಹೋಗುವಂತೆ ಮಾಡಿಸಿದರು. "ಸೀಜನ್ ಮುಗಿಯೋವರೆಗೆ ಮಾತ್ರ. ಏನಂತೀರಿ?" ಎಂದು ಕೇಳಿದರು. ವೃಷಭೇಂದ್ರಪ್ಪ ತಲೆಯಾಡಿಸಿದರು. ಬಂಗಾರದ ಅಕ್ಷರದ ಕಾರ್ಡಿಟ್ಟುಕೊಂಡವರು ತಲೆಯಾಡಿಸದೆ ಇನ್ನೇನು ಮಾಡುತ್ತಾರೆ? ಈ ದೇಶದಲ್ಲಿ ಯಂತ್ರಗಳಿಗಿಂತ ಹೆಚ್ಚು ಅಲುಗಾಡುವುದು ದೊಡ್ಡ ಹುದ್ದೆಯವರ ತಲೆ.

ಮನೆಯಲ್ಲಿ ಹೆಂಡತಿ ಶಿವರುದ್ರಮ್ಮ, "ಏನ್ರೀ, ಅನ್ನದ ಮುಂದೆ ಕೂತು ಬಾಯ್ಲರ್ ಜಪ ಮಾಡ್ತೀರಲ್ಲ. ಹೇಳೋದನ್ನ ಕೇಳೋರಿಗೆ ಹೇಳಬೇಕು" ಅಂದರು. ಪಕ್ಕದಲ್ಲಿ ಆಕೆಯ ಮೊಬೈಲು ಒಂದು ಸಲ ರಿಂಗಾಗಿ ನಿಂತಿತು. ತಂಗಿಯ ಮಿಸ್ ಕಾಲ್. ಶಿವರುದ್ರಮ್ಮ ಊಟ ಬಿಟ್ಟು ಎದ್ದು ಹೋದರು!

ವೃಷಭೇಂದ್ರಪ್ಪ ಬಾಯಿಗೆ ತಂದ ತುತ್ತನ್ನು ಹಾಗೇ ಹಿಡಿದುಕೊಂಡರು. ಸೈರನ್ನಿಗೆ ಏಳದ ಜನ ಮಿಸ್ ಕಾಲಿಗೆ ಏಳುತ್ತಾರೆ!

ನಾಲ್ಕನೆಯ ಸಾಧನ ಹೀಗೆ ಹುಟ್ಟಿತು. ಒಂದು ಹಳೆಯ ಮೊಬೈಲು. ಅದರ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಒಂದೇ ನಂಬರಿಗೆ ಕರೆ ಹೋಗುತ್ತದೆ. ಅದರ ಎದುರು, ನೀರು ಇಳಿದಾಗ ಕರೆಂಟು ಹರಿದು ಮುಂದಕ್ಕೆ ಚಾಚಿ ಗುಂಡಿ ಒತ್ತುವ ಕಬ್ಬಿಣದ ಬೆರಳು. ಮೊದಲು ಶಿವಮೂರ್ತಿಯವರ ನಂಬರು ಹಾಕಿದರು. ಪರೀಕ್ಷೆಗೆ ಕರೆ ಹೋಯಿತು. ಶಿವಮೂರ್ತಿ ಎತ್ತಿ, "ಹಲೋ, ಗಾಳಿ ಸದ್ದು, ಏನೂ ಕೇಳುಸ್ತಿಲ್ಲ, ಮೆಸೇಜ್ ಹಾಕಿ" ಎಂದು ಬಾಯ್ಲರಿಗೆ ಹೇಳಿ ಇಟ್ಟುಬಿಟ್ಟರು.

ಇನ್ನು ಉಳಿದದ್ದು ಒಬ್ಬರೇ. ಕಾರ್ಖಾನೆಯ ಕಾಂಪೌಂಡಿನಲ್ಲೇ ಮನೆಯಿದ್ದ ಶಿವಮೂರ್ತಿಯವರ ತಾಯಿ ಗುರುಮಲ್ಲಮ್ಮ. ಮಗ ಕೊಡಿಸಿದ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೂ ಫೋನ್ ಮಾಡುವುದಿಲ್ಲ ಎಂದು ಇಡೀ ನೆಂಟರ ಬಳಗದ ಮೇಲೆ ಮುನಿಸಿಕೊಂಡಿದ್ದವರು.

"ಅವ್ವಾರೆ, ಈ ನಂಬರಿಂದ ಫೋನು ಬಂದು ಯಾರೂ ಮಾತಾಡಲಿಲ್ಲ ಅಂದ್ರೆ, ಬಾಯ್ಲರು ನಿಮ್ಮನ್ನ ಕರೀತಾ ಇದೆ ಅಂತ ಅರ್ಥ."

"ಅದ್ಯಾಕ್ ನನ್ನ ಕರೀತದೆ ಎಂಜಿನಿಯರಪ್ಪ?"

"ಅದಕ್ಕೆ ಬಾಯಾರಿಕೆ ಅವ್ವಾರೆ."

"ಸರಿ ಬುಡು. ನಮ್ ನೆಂಟ್ರಿಗಿಂತ ಅದೇ ಮೇಲು."

ಅದಾಗಿ ಕೆಲವು ದಿನ. ಶಿವಮೂರ್ತಿ ಈರೋಡಿನ ವ್ಯಾಪಾರಿಗಳನ್ನು ಜೀಪಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ವೃಷಭೇಂದ್ರಪ್ಪ ಆಫೀಸಿನಲ್ಲಿ ಮುದ್ದೆ ಮುರಿಯುತ್ತಿದ್ದಾಗ ಅಂಗಳದ ಆ ಕಡೆಯಿಂದ ಜಗಳದ ಸದ್ದು ಕೇಳಿತು. ಎಂಜಲು ಕೈಯಲ್ಲೇ ಓಡಿದರು. ಬಾಯ್ಲರ್ ಮನೆ ಬಾಗಿಲಲ್ಲಿ ಗುರುಮಲ್ಲಮ್ಮ ಮೊಬೈಲನ್ನು ದೊಣ್ಣೆಯಂತೆ ಎತ್ತಿ ಹಿಡಿದು ನಿಂತಿದ್ದರು.

"ಯಾಕ್ಲಾ ಮಾದು, ನಿನ್ ಬಾಯ್ಲರು ಒಂದೇ ಸಮ್ನೆ ನನ್ ಕೂಗ್ತಾ ಅದೆ?"

"ಏನಾಗಿಲ್ಲ ಬುಡಿ ಅವ್ವಾರೆ. ನೀರಿನ್ ಪಂಪು ಓಡ್ತಾ ಅದೆ, ಮಾದಪ್ಪನ ದೀಪಾನೂ ಉರೀತಾ ಅದೆ."

"ಏನೂ ಆಗ್ದಿದ್ರೆ ಅದ್ಯಾಕೆ ಕೂಗ್ತದೆ? ನೀನು ನನ್ ನೆಂಟ್ನಾ, ಸುಮ್ಕೆ ಸುಮ್ಕೆ ಮಿಸ್ ಕಾಲ್ ಕೊಡಾಕೆ?"

ವೃಷಭೇಂದ್ರಪ್ಪ ನೀರಿನ ಮಟ್ಟ ಪರೀಕ್ಷಿಸುವ ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ, ಬುಸ್ ಎಂದು ಬರೀ ಹಬೆ. ಪಂಪು ಓಡುತ್ತಿತ್ತು, ನಿಜ. ಗಾಳಿ ಎಳೆದುಕೊಂಡು ಬರಿದೇ ಓಡುತ್ತಿತ್ತು. ವೈರು ಸುತ್ತಿಸಿಕೊಂಡ ಬ್ಲೋವರ್ ಮಾತ್ರ ನಿಯತ್ತಾಗಿ ಬೆಂಕಿ ಊದುತ್ತಿತ್ತು.

ಅಷ್ಟರಲ್ಲಿ ಪುಟ್ಟಮಾದುವಿಗೂ ಗೊತ್ತಾಯಿತು. ಗಾಬರಿಯಲ್ಲಿ ಮೇಲಿನ ಟ್ಯಾಂಕಿನ ನೀರು ಬಿಡಲು ಚಕ್ರಕ್ಕೆ ಕೈ ಹಾಕಿದ. ಜನರಲ್ ಮ್ಯಾನೇಜರರ ಆಫೀಸು ಕನ್ನಡ ಅಲ್ಲೇ ಉದುರಿ ಬಿತ್ತು.

"ಬುಡ್ಬ್ಯಾಡ ಕಣ್ಲಾ ಮಾದು! ಕಾದ ಬಾಣ್ಲೀಗೆ ನೀರು ಉಯ್ದಂಗಾಯ್ತದೆ! ಎಲ್ರೂ ಸತ್ತೋಯ್ತೀವಿ! ಬೆಂಕಿ ಎಳೀಲಾ ಆಚ್ಗೆ!"

ಅವರೇ ಬ್ಲೋವರಿನ ಸ್ವಿಚ್ಚು ಕೆಳಗೆಳೆದರು. ಇಬ್ಬರೂ ಸೇರಿ ಕೊಕ್ಕೆ ಹಾಕಿ ಉರಿಯುವ ಸೌದೆಯನ್ನು ಹೊರಗೆಳೆದರು. ವೃಷಭೇಂದ್ರಪ್ಪನವರ ಮೀಸೆ ಒಂದು ಕಡೆ ಸೀದುಹೋಯಿತು. ಗುರುಮಲ್ಲಮ್ಮನವರಿಗೆ ಹೊರಗೆ ಹೋಗಿ ಎಂದರೆ, "ನಂಗೆ ಫೋನ್ ಮಾಡೈತೆ, ನಾನ್ ಓಗಾಕಿಲ್ಲ" ಎಂದು ನಿಂತಲ್ಲೇ ನಿಂತಿದ್ದರು. ಬಾಯ್ಲರ್ ನಿಟ್ಟುಸಿರು ಬಿಡುತ್ತ ನಿಧಾನವಾಗಿ ತಣ್ಣಗಾಯಿತು. ಪುಟ್ಟಮಾದು ನೆಲದ ಮೇಲೆ ಕುಸಿದು ಕೂತು, ತನ್ನ ಕೈಕಾಲುಗಳೆಲ್ಲ ಇವೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡ. ಈ ಸಲ ಅವನು ನಗಲಿಲ್ಲ.

ಸಂಜೆ ಬೆಟ್ಟದಿಂದ ಪ್ರಸಾದ ಹಿಡಿದು ಬಂದ ಶಿವಮೂರ್ತಿ, "ದೇವರು ದೊಡ್ಡವನು" ಅಂದರು. ಆಮೇಲೆ, "ಅಂದಹಾಗೆ, ನಾಳೆ ಎಷ್ಟು ಹೊತ್ತಿಗೆ ಶುರು ಮಾಡಬಹುದು?" ಅಂದರು.

ವೃಷಭೇಂದ್ರಪ್ಪ ಮತ್ತೆ ತಲೆಯಾಡಿಸುತ್ತಿದ್ದರೋ ಏನೋ. ಎದುರಿಗೆ ಪುಟ್ಟಮಾದು ಕಂಡ. ತಲೆ ಅಲ್ಲಾಡಲಿಲ್ಲ.

"ವೈರು ಕಿತ್ತು, ಗಾಜು ಬದಲಾಯಿಸೋವರೆಗೆ ನಾನು ಶುರು ಮಾಡಿಸಲ್ಲ. ಬೇಕಾದರೆ ಬೇರೆ ಮ್ಯಾನೇಜರನ್ನ ನೋಡಿಕೊಳ್ಳಿ."

ಶಿವಮೂರ್ತಿ ಬಾಯಿ ತೆರೆಯುವ ಮುಂಚೆ ಗುರುಮಲ್ಲಮ್ಮ ಕೂಲಿಯವರನ್ನು ಕೂಗಿದರು. "ಬರ್ರಪ್ಪ, ನನ್ ಮಗನ ಟೇಬಲ್ಲು, ಕುರ್ಚಿ ಎತ್ಕೊಂಡು ಬಾಯ್ಲರ್ ಮನೇಲಿ ಹಾಕಿ. ನಾಳಿಂದ ಅವ್ನು ಅಲ್ಲೇ ಕೂತ್ಕತಾನೆ."

"ಅವ್ವ! ಅಲ್ಲಿ... ಸಿಡಿದ್ರೆ?"

"ಸಿಡಿದ್ರೆ ಅಂತೀಯಲ್ಲ, ಮಾದು ನಿಂತಿದ್ರೆ ಸಿಡಿಯಾಕಿಲ್ವೇನ್ಲಾ?"

ಮೇಜು ಹೋಯಿತು. ಮೇಜಿನ ಹಿಂದೆ ಶಿವಮೂರ್ತಿಯೂ ಹೋದರು, ತಾಯಿ ಬಾಗಿಲಲ್ಲಿ ಕಾವಲು ಕೂತಿದ್ದರಿಂದ. ಮೊದಲ ದಿನವೇ ವೈರು ಮಾಯ. ಎರಡನೆಯ ದಿನ ಮೈಸೂರಿನಿಂದ ಹೊಸ ಗಾಜು, ಹೊಸ ಪಂಪು. ಮಾದಪ್ಪನಿಗೆ ಬೇರೆ ಗೋಡೆ, ಬೇರೆ ದೀಪ. 'ಸೀಜನ್ ಮುಗೀಲಿ' ಎಂಬ ಮಾತು ಆ ಬಾಯಿಂದ ಮತ್ತೆ ಹೊರಡಲಿಲ್ಲ. ವೃಷಭೇಂದ್ರಪ್ಪ ಮುಂದೆಯೂ ಅನೇಕ ಸಾಧನಗಳನ್ನು ಮಾಡಿ ಆ ದಶಕದ ಕೊನೆಗೆ ನಿವೃತ್ತರಾದರು. ತಾವು ಕಂಡ ಸಾಧನಗಳಲ್ಲೆಲ್ಲ ತಪ್ಪದೆ ಕೆಲಸ ಮಾಡಿದ್ದು ಮರದ್ದು, ಅದಕ್ಕೆ ನಾಲ್ಕು ಕಾಲಿತ್ತು ಎಂದು ಹೆಂಡತಿಯ ಹತ್ತಿರ ಹೇಳಿ ನಗುತ್ತಿದ್ದರು.

ನಗುವುದು ಸಾಕು. ಇದನ್ನು ಓದುತ್ತಿರುವ ನಿಮ್ಮದೊಂದು ಮಿಲ್ಲಿದೆಯೇ, ಕಾರ್ಖಾನೆಯಿದೆಯೇ, ಅಥವಾ ಅಲ್ಲಿ ನಿಮಗೊಂದು ದೊಡ್ಡ ಹುದ್ದೆಯಿದೆಯೇ? ಹಾಗಿದ್ದರೆ ನಾಳೆ ಬೆಳಿಗ್ಗೆ ನಿಮ್ಮ ಕುರ್ಚಿಯನ್ನು ಬಾಯ್ಲರ್ ಪಕ್ಕಕ್ಕೆ ಹೊರಿಸಿ ಅಲ್ಲಿ ಕೂತು ಕೆಲಸ ಮಾಡಿ. ಅಷ್ಟು ಧೈರ್ಯವಿಲ್ಲವೇ? ಹಾಗಾದರೆ ಅಲ್ಲಿ ನಿಂತಿರುವವನನ್ನು ಈಗಲೇ, ಈ ಕ್ಷಣವೇ, ಹೊರಗೆ ಕರೆಯಿರಿ.