ಜಪಾನಿನ ಕುಸ್ತಿಗೆ ಹನ್ನೆರಡಾಣೆ

ಗಾದಿ ಹೊಲಿಯುವ ಬಾಷುಮಿಯಾ ತನ್ನ ಪ್ರಾಯದಲ್ಲಿ ಗೆದ್ದದ್ದು ಒಂದೇ ಒಂದು ದೊಡ್ಡ ಕುಸ್ತಿ. ಆದರೆ ಆ ಒಂದನ್ನೇ ಹತ್ತಿಯ ಹಾಗೆ ಹಿಂಜಿ ಹಿಂಜಿ ಅವನು ಬದುಕಿಡೀ ಹೇಳಿಕೊಂಡ ಬಗೆ ನೋಡಿದರೆ, ನೂರು ಕುಸ್ತಿ ಗೆದ್ದವರೂ ನಾಚಿಕೊಳ್ಳಬೇಕು. ಶಹಾಪುರದ ಅವನ ಅಂಗಡಿಗೆ ಒಂದು ದಿಂಬು ತುಂಬಿಸಲು ಬಂದವರು ಕೂಡ ಆ ಕಥೆ ಕೇಳದೆ ಎದ್ದು ಹೋಗುವ ಹಾಗಿರಲಿಲ್ಲ. ಸುರಪುರದ ಕಣ. ಎದುರಿಗೆ ಬಳಿಚಕ್ರದ ಮಲ್ಲಣ್ಣ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಅವನನ್ನು ಬಾಷುಮಿಯಾ ಹೆಗಲ ಮೇಲೆತ್ತಿ, ಅಗಸ ಬಟ್ಟೆ ಒಗೆಯುವ ಹಾಗೆ ಒಗೆದದ್ದು. ನೋಡಲು ಬಂದಿದ್ದ ತಗಡಿನ ಕೆಲಸದ ಯೂನುಸ ಸಾಹೇಬರು ಅಲ್ಲೇ ಎದ್ದು ನಿಂತು, ನನ್ನ ಮಗಳು ಈ ಹುಡುಗನಿಗೇ ಎಂದು ಸಾರಿದ್ದು. ಆ ಮಗಳೇ ಮಜೀದಾ. ಕಥೆ ಈ ಜಾಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅವಳು ಚಹಾ ತಂದಿಡುತ್ತಿದ್ದಳು. ಗಿರಾಕಿಗಳು ಬಹುಮಾನವನ್ನು ಕಣ್ಣಾರೆ ನೋಡಿ ತಲೆದೂಗುತ್ತಿದ್ದರು.

ಕಥೆಯಲ್ಲಿ ಬಾರದ ಸಂಗತಿಯೊಂದಿತ್ತು. ಮಲ್ಲಣ್ಣ ಬೇಕಂತಲೇ ಬಿದ್ದಿದ್ದ. ಇಬ್ಬರೂ ಯಾದಗಿರಿಯ ಒಂದೇ ತಾಲೀಮಿನ ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡ ಗೆಳೆಯರು. ಯೂನುಸ ಸಾಹೇಬರು ಸೋತವನಿಗೆ ಮಗಳನ್ನು ಕೊಡುವ ಪೈಕಿಯಲ್ಲ ಎಂದು ತಿಳಿದಾಗ ಮಲ್ಲಣ್ಣನೇ ಹೇಳಿದ್ದ: "ನಂದು ಲಗ್ನ ಆಗ್ಯಾದ. ನಾ ಬಿದ್ದರೇನು, ಎದ್ದರೇನು. ನೀ ಗೆಲ್ಲು." ಅಂದಿನಿಂದ ಆ ಗುಟ್ಟು ಇಬ್ಬರ ಹೊಟ್ಟೆಯಲ್ಲೇ ಉಳಿದಿತ್ತು. ಹೇಳಿ ಹೇಳಿ ಈಗೀಗ ಬಾಷುಮಿಯಾನಿಗೆ ಮಲ್ಲಣ್ಣನ ಭಾರಕ್ಕೆ ಹೆಗಲು ನೊಂದದ್ದೂ ನೆನಪಾಗುತ್ತಿತ್ತು.

ಹೀಗಿರುವಾಗ ಸೊಸೆ ಗುಲ್ನಾಜಳ ಮೊಬೈಲಿನೊಳಗಿಂದ ಜಪಾನು ಮನೆಗೆ ಬಂತು. ಗುಲ್ನಾಜ್ ಮೆಹಂದಿಯ ಚಿತ್ತಾರ ಹುಡುಕುತ್ತ ಬೆರಳಾಡಿಸುತ್ತಿದ್ದಳು. ನಡುವೆ ಎಲ್ಲಿಂದಲೋ ಝಾಲರಿನ ಫ್ರಾಕು ತೊಟ್ಟ ಜಪಾನಿನ ಹುಡುಗಿಯೊಬ್ಬಳು ರಿಂಗಿನ ಹಗ್ಗದ ಮೇಲೆ ಹತ್ತಿ, ಕೆಳಗೆ ಮಲಗಿದ್ದ ಇನ್ನೊಬ್ಬಳ ಮೇಲೆ ಧೊಪ್ಪೆಂದು ಹಾರಿದಳು. ಪಕ್ಕದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಮಜೀದಾಳ ಕೈ ಮೊರದಲ್ಲೇ ನಿಂತಿತು. ಕುಸ್ತಿಯ ಹುಚ್ಚನ ಮಗಳಾಗಿ, ಪೈಲ್ವಾನನ ಹೆಂಡತಿಯಾಗಿ ಅವಳು ಕುಸ್ತಿಯ ಮಾತು ಕೇಳದ ದಿನವಿಲ್ಲ. ಆದರೆ ಹೆಣ್ಣುಮಕ್ಕಳನ್ನು ಕಣದ ಹತ್ತಿರ ಬಿಟ್ಟವರು ಯಾರು? ತನ್ನ ಹಣೆಬರಹ ಬರೆದ ಕುಸ್ತಿಯನ್ನೂ ಅವಳು ಕಂಡಿರಲಿಲ್ಲ, ಕೇಳಿದ್ದಳಷ್ಟೇ.

ಅಂದು ಹಿಡಿದ ಹುಚ್ಚು ಬಿಡಲಿಲ್ಲ. ಆ ಹುಡುಗಿಯರ ಹೆಸರು ನಾಲಿಗೆಗೆ ಹೊರಳದ ಕಾರಣ ಅತ್ತೆ ಸೊಸೆ ಸೇರಿ ತಾವೇ ಹೆಸರಿಟ್ಟರು. ಕೆಂಪುಗೂದಲಾಕಿ, ಉದ್ದಜಡಿಯಾಕಿ, ಸದಾ ಅಳುಮೋರೆ ಮಾಡುವ ಒಬ್ಬಳಿಗೆ ಸೈದಾಪುರದ ನಾದಿನಿ ಫರ್ಹತಳ ಹೆಸರು. ಅಲ್ಲಿನವರು ಕುಸ್ತಿಗೆ ಸ್ಟಾರು ಕೊಟ್ಟು ಅಳೆಯುತ್ತಾರೆಂದು ಗುಲ್ನಾಜ್ ಓದಿ ಹೇಳಿದಳು. ಮಜೀದಾಳಿಗೆ ಸ್ಟಾರು ಒಗ್ಗಲಿಲ್ಲ, ಅವಳು ಹದಿನಾರಕ್ಕೆ ಇಷ್ಟೆಂದು ಆಣೆಯಲ್ಲಿ ತೂಗಿದಳು. ಯಾರು ಗೆದ್ದರೆಂಬುದು ಅವಳಿಗೆ ಲೆಕ್ಕಕ್ಕೇ ಇಲ್ಲ. ಮೊದಲು ಮೊಣಕೈ ತಿರುಚಿಸಿಕೊಂಡು ಚೀರಾಡಿದವಳು ಕೊನೆಗೆ ಅದೇ ಕೈ ಬೀಸಿ ಹೊಡೆದಳೋ, ನಾಲ್ಕಾಣೆ ಖೋತಾ. ಎತ್ತಿ ಒಗೆಯುವವಳು ಬೀಳುವವಳ ಕುತ್ತಿಗೆ ಕಾಯದಿದ್ದರೆ ಅದು ಕುಸ್ತಿಯಲ್ಲ, ಕಟುಕತನ. ಒಗೆದವಳು ಹುಲಿಯ ಹಾಗೆ ಕಂಡರೆ ಆ ಪುಣ್ಯ ಬಿದ್ದವಳದು, ಆಣೆಯೂ ಅವಳ ಪಾಲಿಗೇ. ಗಲ್ಲಿಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನೋಡಿದ ಕುಸ್ತಿಗೂ ಅವಳು ಹನ್ನೆರಡಾಣೆ ದಾಟಲಿಲ್ಲ. ಗುಲ್ನಾಜ್ ಒಂದಾಣೆಗಾಗಿ ಅಂಗಲಾಚಿದರೂ ಜಗ್ಗಲಿಲ್ಲ.

ಬಾಷುಮಿಯಾನಿಗೆ ಮೈಯುರಿ. ಅವನು ಅಂಗಡಿಯಲ್ಲಿ ಕಥೆ ಶುರು ಮಾಡಿದರೆ ಒಳಗಿನಿಂದ ಜಪಾನಿನ ಚೀರಾಟ. ಕೇಳಲು ಬಂದ ಗಿರಾಕಿಗಳೇ ಒಳಗೆ ಇಣುಕತೊಡಗಿದರು. ಕಡೆಗೊಂದು ದಿನ ತಡೆಯದೆ, ಅದೆಲ್ಲ ಖೊಟ್ಟಿ ಕುಸ್ತಿ, ಯಾರು ಬೀಳಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ ಎಂದು ಅಬ್ಬರಿಸಿದ. ಹಾಗೆ ಹೇಳುವಾಗ ಅವನ ಕಣ್ಣು ಒಂದಿಷ್ಟೂ ಅಳುಕಲಿಲ್ಲ, ನೋಡಿ. ಮಜೀದಾ ತಲೆಯೆತ್ತದೆ, ಮಾತಾಡಿಕೊಂಡ ಮೇಲೆ ಬೀಳುವುದೇ ಕಷ್ಟ, ಸುಮ್ಮನೆ ಬೀಳುವುದು ಯಾರಿಗಾದರೂ ಬರುತ್ತದೆ ಎಂದಳು. ಆಮೇಲೆ ಏನೋ ನೆನಪಾದವಳ ಹಾಗೆ ಕೇಳಿದಳು: ನೀವು ಒಗೆದಾಗ ಮಲ್ಲಣ್ಣ ಗದ್ದ ಎದೆಗೆ ಒತ್ತಿಕೊಂಡಿದ್ದರೇ?

ಹೂಂ ಎಂದುಬಿಟ್ಟ ಬಾಷುಮಿಯಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಬೀಳುತ್ತೇನೆಂದು ಮೊದಲೇ ಗೊತ್ತಿದ್ದವಳು ಮಾತ್ರ ಅಷ್ಟು ನಿರುಮ್ಮಳವಾಗಿ ಗದ್ದ ಒತ್ತಿಕೊಳ್ಳುತ್ತಾಳೆಂದು ಮಜೀದಾ ಗಲ್ಲಿಗೆಲ್ಲ ಪಾಠ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಅಂದಿನಿಂದ ಕಥೆ ಗಿಡ್ಡವಾಯಿತು. ಊರವರು ಗುಟ್ಟು ತಿಳಿದು ನಕ್ಕರೆ ನಗಲಿ, ಅದನ್ನವನು ನುಂಗಿಕೊಳ್ಳಬಲ್ಲ. ಆದರೆ ಗೆದ್ದವನೆಂದು ತನ್ನನ್ನು ಮದುವೆಯಾದವಳು ನಾಳೆ ತನ್ನ ಮುಖವನ್ನು ಹೇಗೆ ನೋಡಿಯಾಳು? ಅದೇ ಭಯಕ್ಕೆ ಅವನಿಗೆ ಊಟ ರುಚಿಸದಾಯಿತು.

ಅಷ್ಟರಲ್ಲಿ ಸುರಪುರದ ಕುಸ್ತಿ ಸಂಘದ ದ್ಯಾವಪ್ಪ ಬಂದ. ಹಳೆಯ ಪೈಲ್ವಾನರಿಗೆ ಸನ್ಮಾನವಂತೆ. ಬಾಷುಮಿಯಾ ಮತ್ತು ಮಲ್ಲಣ್ಣ ವೇದಿಕೆಯ ಮೇಲೆ ಆ ಪಟ್ಟನ್ನು ಇನ್ನೊಮ್ಮೆ ತೋರಿಸಬೇಕಂತೆ. ಹೆಂಗಸರಿಗೂ ಮುಂದೆಯೇ ಕುರ್ಚಿಯಂತೆ. ನೆಪ ಹೇಳಲು ಬಾಷುಮಿಯಾ ಸೊಂಟ ಹಿಡಿದುಕೊಂಡ. ಮಜೀದಾ ಒಳಗಿನಿಂದ ಬಂದು, ಬರುತ್ತೇವೆ ಎಂದುಬಿಟ್ಟಳು.

ಆ ದಿನ ವೇದಿಕೆಯ ಮೇಲೆ ಹಾಸಿದ ಗಾದಿ ಕೂಡ ಬಾಷುಮಿಯಾನ ಅಂಗಡಿಯದೇ. ಎದುರು ಸಾಲಿನಲ್ಲಿ ಮಜೀದಾ, ಪಕ್ಕದಲ್ಲಿ ಗುಲ್ನಾಜ್. ಬಾಷುಮಿಯಾ ದಾರಿಯುದ್ದಕ್ಕೂ ತಲೆ ಓಡಿಸಿ ಒಂದು ಉಪಾಯ ಕಂಡುಕೊಂಡಿದ್ದ. ಮಲ್ಲಣ್ಣ ಬೀಳುವುದನ್ನು ಅವಳು ನೋಡಿದರೆ ತಾನೆ ಗುಟ್ಟು ಹಿಡಿಯುವುದು? ಈ ಸಲ ತಾನೇ ಬಿದ್ದರಾಯಿತು. ಮುಪ್ಪಿನಲ್ಲಿ ಗೆಳೆಯನಿಗೆ ಗೆಲುವು ಬಿಟ್ಟುಕೊಟ್ಟ ದೊಡ್ಡ ಮನುಷ್ಯ ಎಂದೂ ಅನ್ನಿಸಿಕೊಳ್ಳಬಹುದು. ಶಾಲು ಹೊದಿಸುವ ಗದ್ದಲದಲ್ಲಿ ಮಲ್ಲಣ್ಣನ ಕಿವಿಯಲ್ಲಿ ಇದನ್ನು ಉಸುರಿದ. ಮಲ್ಲಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿ, ಬೇಡ ಮಾರಾಯ, ನಾನೇ ಬೀಳುತ್ತೇನೆ ಎಂದ. ಬಾಷುಮಿಯಾ ಕೇಳಬೇಕಲ್ಲ.

ಹಲಗೆ ಬಾರಿಸಿದರು. ಇಬ್ಬರೂ ತೊಡೆ ತಟ್ಟಿದರು. ಮಲ್ಲಣ್ಣ ಹಿಡಿಯಲೆಂದು ಕೈ ಚಾಚಿದ. ಆ ಕೈ ಇನ್ನೂ ಹೆಗಲು ಮುಟ್ಟಿರಲಿಲ್ಲ, ಬಾಷುಮಿಯಾ "ಯಾ ಅಲ್ಲಾ" ಎಂದು ಬೀಳತೊಡಗಿದ. ಮೊದಲು ಒಂದು ಕೈ ಊರಿದ. ಆಮೇಲೆ ಮೊಣಕಾಲೂರಿದ. ಗಾದಿಯ ಹೊಲಿಗೆ ಹೇಗಿದೆಯೆಂದು ಒಮ್ಮೆ ಒತ್ತಿ ನೋಡಿದ. ಕೊನೆಗೆ, ಊಟ ಮುಗಿಸಿದವನು ಹಾಸಿಗೆಗೆ ಒರಗುವ ಹಾಗೆ, ಮಗ್ಗುಲಾಗಿ ಮಲಗಿ ಟೋಪಿ ಸರಿಮಾಡಿಕೊಂಡ. ಮಲ್ಲಣ್ಣ ಗಾಳಿಯಲ್ಲಿ ಕೈ ಹಿಡಿದುಕೊಂಡೇ ನಿಂತಿದ್ದ. ಸಭೆಯಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮಜೀದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಾರ್ಯಕ್ರಮ ಮುಗಿದು ಹೊರಗೆ ಬಂದಾಗ ಅವಳು ಬಾಗಿಲ ಬಳಿ ನಿಂತಿದ್ದಳು. ಬಾಷುಮಿಯಾನಿಗೆ ಮುಖವೆತ್ತುವ ಧೈರ್ಯವಿರಲಿಲ್ಲ. ಮಲ್ಲಣ್ಣ ಸಮಾಧಾನಕ್ಕೆಂದು, ವಯಸ್ಸಾಯಿತಲ್ಲ ಭಾಬಿ, ಕಾಲು ಜಾರಿತು ಎಂದು ಏನೋ ತೇಪೆ ಹಾಕಿದ. ಮನೆಯಲ್ಲಿ ಗಂಡ ಹೆಂಡಿರದು ದಖನಿ ಮಾತು. ಮಜೀದಾ ಅಲ್ಲಿ, ಮಲ್ಲಣ್ಣನಿಗೂ ತಿಳಿಯಲೆಂದು, ಕನ್ನಡದಲ್ಲೇ ಬಿಡಿಬಿಡಿಯಾಗಿ ಅಂದಳು:

"ನಿಮಗ ಬೀಳಾಕ ಬರಂಗಿಲ್ರಿ. ಆ ವಿದ್ಯಾ ಈ ಮಲ್ಲಣ್ಣಾರದು. ಅವತ್ತ ಇವರು ಚಂದಂಗ ಬಿದ್ದಾರಂತನೇ ನಾ ನಿಮ್ಮ ಮನಿಗಿ ಬಂದೀನಿ."