ಸಾಹೇಬರು ಬರುವರೆಂದು ಮುಚ್ಚಿದ ತಗ್ಗುಗಳು

ಮರ್ಯಾದೆ ಅತಿಯಾದರೆ ಏನಾಗುತ್ತದೆಂದು ನನಗೆ ತೋರಿಸಿಕೊಟ್ಟವರು ನನ್ನ ಗಂಡ. ಜೊಯಿಡಾ ಕಡೆಯ ಒಂದು ಕಾಡೂರಿನಲ್ಲಿ ಅವರು ಶಾಲೆಯ ಮಾಸ್ತರು. ನಾನು ಹಳಿಯಾಳದಿಂದ ಲಗ್ನವಾಗಿ ಹೋದವಳು. ಬಸ್ಸು ಸೂಪಾದಲ್ಲೇ ನಿಲ್ಲುತ್ತಿತ್ತು, ಅಲ್ಲಿಂದ ಮುಂದೆ ಬರೀ ತಗ್ಗು. ನನ್ನ ಮೊದಲ ಕೂಸು ದಾಂಡೇಲಿಯ ಆಸ್ಪತ್ರೆ ಮುಟ್ಟುವ ಮೊದಲೇ ಚಕ್ಕಡಿಯಲ್ಲೇ ತೀರಿಹೋಗಿತ್ತು. ಈಗ ಮತ್ತೆ ಬಸುರಿಯಾಗಿದ್ದೆ. ಹಗಲೆಲ್ಲ ಅದೇ ಹೆದರಿಕೆ.

ನಮ್ಮ ಎಂಪಿ ಸಾಹೇಬರು ರಸ್ತೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ದೊಡ್ಡವರು ಬರುವಾಗ ಜೀಪು ಕುಲುಕಬಾರದೆಂದು ಊರಿಗೆ ಊರೇ ಬುಟ್ಟಿ, ಸಲಿಕೆ ಹಿಡಿದು ತಗ್ಗುಗಳನ್ನೆಲ್ಲ ಮುಚ್ಚಿತು. ಮುಂದಾಳು ನನ್ನ ಗಂಡನೇ! ಕೆಮ್ಮಣ್ಣು ಬಡಿದು, ನೀರು ಚಿಮುಕಿಸಿ, ಸಾರಿಸಿದ ಅಂಗಳದ ಹಾಗೆ ಮಾಡಿದರು. ನಾನು ಬೈದೆ. ಯಾರು ಕೇಳುತ್ತಾರೆ?

ಸಾಹೇಬರು ಸರಾಗವಾಗಿ ಬಂದಿಳಿದರು. "ಮಾಸ್ತರ, ರಸ್ತೆ ಛಲೋ ಐತೆಲ್ಲ! ಕೆಟ್ಟದ್ದು ಎಲ್ಲೈತ್ರಿ?"

ಗಂಡ ನೆಲ ನೋಡುತ್ತ ನಿಂತರು. ನನಗೆ ತಡೆಯಲಾಗಲಿಲ್ಲ. "ನೀವು ಬರ್ತೀರಂತ ಇವರೇ ಮುಚ್ಯಾರ್ರೀ. ಮಳಿ ಬಂದ್ರ ಎಲ್ಲಾ ಕೊಚ್ಚಿ ಹೋಗ್ತೈತಿ. ಆವಾಗ ನನಗ ದಿನ ತುಂಬಿರ್ತಾವ್ರಿ."

ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. "ಹಂಗಾರ ಮಳ್ಯಾಗ ಬರ್ತೇನಿ, ತಂಗಿ. ಆದರ ಯಾರೂ ಸಲಿಕಿ ಮುಟ್ಟಬ್ಯಾಡ್ರಿ" ಎಂದರು.

ಹೀಗೆ ಹೇಳಿ ಹೋದವರನ್ನು ನಾವು ಬೇಕಾದಷ್ಟು ನೋಡಿದ್ದೆವು. ಇವರು ಬಂದೇ ಬಂದರು. ಜಡಿಮಳೆ, ಊರ ಹೊರಗೆ ಜೀಪು ಹೂತುಹೋಗಿತ್ತು. ಧೋತರ ಮೇಲೆ ಕಟ್ಟಿ, ಮೊಣಕಾಲುದ್ದ ಕೆಸರಿನಲ್ಲಿ ಇಂಜಿನಿಯರನ್ನೂ ನಡೆಸಿಕೊಂಡು ಬಂದಿದ್ದರು. ನನಗಾಗಲೇ ಹೆರಿಗೆ ಬ್ಯಾನಿ ಶುರುವಾಗಿತ್ತು. ಅವರು ಕೂರಲೂ ಇಲ್ಲ. ಊರವರ ಜೊತೆ ತಾವೇ ಹೆಗಲು ಕೊಟ್ಟು ಜೀಪು ಎಬ್ಬಿಸಿ, ನನ್ನನ್ನೂ ಗಂಡನನ್ನೂ ಹತ್ತಿಸಿ ದಾಂಡೇಲಿಗೆ ಕಳಿಸಿದರು. ತಾವು ಇಂಜಿನಿಯರ ಜೊತೆ ಸೂಪಾತನಕ ನಡೆದೇ ಹೋದರಂತೆ. ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ಮಂಜೂರು ಮಾಡಿಸಿದ ರಸ್ತೆ ಮುಗಿಯುವ ಹೊತ್ತಿಗೆ ಚುನಾವಣೆ ಬಂತು, ಅವರು ಸೋತರು. ಮೊದಲ ಬಸ್ಸು ಬಂದ ದಿನ ಹಾರ ಬಿದ್ದದ್ದು ಗೆದ್ದವರ ಕೊರಳಿಗೆ. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಮಗಳನ್ನೆತ್ತಿಕೊಂಡು ಬಸ್ಸು ಹತ್ತಿ, ಹಳಿಯಾಳದಲ್ಲಿದ್ದ ಅವರ ಮನೆಗೆ ಹೋಗಿ, ಕೂಸನ್ನು ಅವರ ತೊಡೆಯ ಮೇಲೆ ಕೂರಿಸಿದೆ.

"ಬಸ್ಸಿನ್ಯಾಗ ಬಂದ್ಯಾ, ತಂಗಿ?"

"ಹೂಂನ್ರಿ, ನಮ್ಮೂರಾಗೇ ಹತ್ತಿ ಬಂದೇನ್ರಿ."

ಅವರು ಕೂಸಿನ ತಲೆ ನೇವರಿಸುತ್ತ, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು.