ಎಳೆ ಹರಿದ ಜಾಗ

ಒಗೆಯಬೇಕೆಂದು ಟ್ರಂಕಿನಿಂದ ಹಳೆಯ ಕೌದಿ ತೆಗೆದೆ. ಮಡಿಕೆ ಬಿಚ್ಚಿದ ಕೂಡಲೇ ಲವಂಗದ ವಾಸನೆ ಬಂತು. ಅದರ ಎರಡು ಮೂಲೆಗಳಲ್ಲಿ ಮೊಳೆಗೆ ಸಿಗಿಸಿದ ತೂತುಗಳು ಹಾಗೇ ಇವೆ. ಒಗೆಯುವುದನ್ನು ಬಿಟ್ಟು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತುಬಿಟ್ಟೆ.

ಆ ಲವಂಗ ಪಕ್ಕದ ಮನೆಯ ಅಣ್ಣನದು. ಬಾಯಿ ತೆರೆಯುವ ಮೊದಲು ಎರಡು ಲವಂಗ ದವಡೆಗೆ ಇಟ್ಟುಕೊಳ್ಳುತ್ತಿದ್ದ. ಮಾತನ್ನು ತಾಳಕ್ಕೆ ಹಾಕಿ ಓಡಿಸುವುದು ಅವನ ಕೆಲಸ. ರ್‍ಯಾಪ್ ಎನ್ನುವ ಪದ ಇಳಕಲ್ಲಿನ ನಮ್ಮ ನೇಕಾರರ ಓಣಿಗೆ ಗೊತ್ತಾದದ್ದೇ ಅವನಿಂದ. ಇಪ್ಪತ್ತು ವರ್ಷದ ಹಿಂದೆ ಹುನಗುಂದದ ಕಾಲೇಜಿನ ಗ್ಯಾದರಿಂಗಿನಲ್ಲಿ ಅವನು ಮೊದಲ ಸಲ ಮೈಕು ಹಿಡಿದಾಗ, ಮುಂದೆ ಕೂತಿದ್ದ ಹಿರಿಯರೊಬ್ಬರು, "ಇಂವಾ ಏನ್ ಎತ್ತಿನ ಸಂತ್ಯಾಗ ಸವಾಲ್ ಕೂಗಾಕತ್ತಾನೇನ್ರಿ?" ಎಂದರಂತೆ. ಅದನ್ನು ಅವನೇ ಎಲ್ಲರಿಗೂ ಹೇಳಿ ನಗುತ್ತಿದ್ದ. ಆಮೇಲೆ ಅದೇ ಜನರ ಆಟೋಗಳಲ್ಲಿ, ಕಮತಗಿಯಿಂದ ಬಾದಾಮಿಯವರೆಗೆ, ಅವನ ಮೊದಲ ಆಲ್ಬಮ್ ಓಡಿತು. ಅವನನ್ನು ನೋಡಿ ಮೈಕು ಹಿಡಿದ ಹುಡುಗರು ಗುರುವೇ ಎಂದು ಕಾಲಿಗೆ ಬೀಳುತ್ತಿದ್ದರು. ಅವನು ಮಾತ್ರ ಎಷ್ಟೋ ವರ್ಷ ಹೊಸದೇನೂ ಮಾಡಲಿಲ್ಲ. ಕೇಳಿದರೆ, "ಹೇಳೂದು ಇದ್ದಾಗ ಹೇಳ್ತೇನಿ ತಂಗಿ," ಎನ್ನುತ್ತಿದ್ದ.

ಹೇಳುವುದು ಸಿಕ್ಕಿದ್ದು ನಮ್ಮ ಮನೆಯಲ್ಲಿ. ಆಗ ನಮ್ಮವ್ವ ಇನ್ನೂ ನೆಲದ ಕುಣಿಯಲ್ಲಿ ಕಾಲು ಇಳಿಸಿ ಕೈಯಿಂದ ನೇಯುವ ಕುಣಿಮಗ್ಗದಲ್ಲಿ ಕೂರುತ್ತಿದ್ದಳು. ಓಣಿಯಲ್ಲಿ ಉಳಿದವರೆಲ್ಲ ಪವರ್‌ಲೂಮ್ ಹಾಕಿಸಿದ್ದರು. ಒಂದು ಮಧ್ಯಾಹ್ನ ಅಣ್ಣ ಬಂದು ಹೊಸ್ತಿಲಲ್ಲಿ ಕೂತು, "ಕಾಕು, ನೀ ಒಂದು ಸೀರಿ ನೇಯಿ, ನಾ ಒಂದು ಆಲ್ಬಮ್ ಮಾಡ್ತೇನಿ. ಎರಡೂ ಕೂಡೇ ಮುಗೀಬೇಕು," ಎಂದ.

ಅವ್ವ ತಲೆ ಎತ್ತಲಿಲ್ಲ. "ನಿನ್ನ ನಾಲಿಗೀಗೆ ಒಂದು ಲಾಳಿ ಕಟ್ಟಿದ್ರ ದಿನಕ್ಕೆರಡು ಸೀರಿ ಇಳೀತಾವಲ್ಲೋ ಬಡಬಡಕ್ಯಾ. ನಾ ಯಾಕ ಬೇಕು ನಿನಗ?"

ಅವನ ಲೆಕ್ಕ ಸರಳವಾಗಿತ್ತು. ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಮಗ್ಗಕ್ಕೆ ಏರಿಸುವ ಮೊದಲು ಒಂದೊಂದು ಎಳೆಗೂ ಕೈಯಿಂದ ಕೊಂಡಿ ಹಾಕಿ ಎರಡನ್ನೂ ಸೇರಿಸಬೇಕು. ಹಾಗೇ ಅವನ ಆಲ್ಬಮ್ಮೂ: ಮೊದಲು ಕೊಂಡಿ, ಆಮೇಲೆ ದಡಿ, ಒಡಲು, ಸೆರಗು. ಬೇರೆ ವಾದ್ಯ ಇಲ್ಲ, ಅವ್ವನ ಮಗ್ಗವೇ ತಾಳ. ಮೊದಲ ಕಾರ್ಯಕ್ರಮದಲ್ಲಿ ಆ ಸೀರೆಯನ್ನು ವೇದಿಕೆಯ ಮೇಲೆ ಉದ್ದಕ್ಕೆ ಕಟ್ಟಬೇಕು, ಜನ ಕೇಳಿದ್ದನ್ನು ಕಣ್ಣಿನಿಂದ ನೋಡಬೇಕು. ಆಮೇಲೆ ಕಮತಗಿಯ ಶಾಲೆಯಲ್ಲಿ ಮಕ್ಕಳಿಂದ ಅವರವರ ಮನೆಯ ಕೆಲಸದ ಮೇಲೆ ಪದ ಕಟ್ಟಿಸುವುದು. ಇಷ್ಟನ್ನು ಅವನು ಉಸಿರು ಬಿಡದೆ ಹೇಳಿದ. ಅವ್ವ ಒಪ್ಪಿದಳು.

ರೆಕಾರ್ಡು ಮಾಡುವಾಗ ಬೀದಿಯ ಸದ್ದು ಬರಬಾರದೆಂದು ಕಿಟಕಿಗೆ ಮೊಳೆ ಹೊಡೆದು ಈ ಕೌದಿಯನ್ನು ಕಟ್ಟಿದೆವು.

ಅವ್ವನದೊಂದು ಕಟ್ಟುನಿಟ್ಟಿತ್ತು. ಎಳೆ ಹರಿದರೆ ಕೋಣೆಯಲ್ಲಿದ್ದವರು ಬಾಯಿ ಮುಚ್ಚಬೇಕು. ಸಾವಿರಾರು ಎಳೆಗಳಲ್ಲಿ ಹರಿದ ಒಂದರ ತುದಿ ಹುಡುಕಿ ಗಂಟು ಹಾಕುವವರೆಗೆ ಯಾರೂ ಮಾತಾಡುವಂತಿಲ್ಲ. ಅವಳ ಅತ್ತೆ ಕಲಿಸಿದ್ದು ಅದು, ನನಗೂ ಹಾಗೇ ಬಂದಿದೆ. ಮೊದಲ ದಿನ ಅಣ್ಣ ಒಂದು ಸಾಲಿನ ನಡುವೆ ಇದ್ದಾಗ ಎಳೆ ಹರಿಯಿತು. ಅವನ ಮಾತು ಓಡುತ್ತಲೇ ಇತ್ತು. ಅವ್ವ ಮಗ್ಗದ ಹಲಗೆಗೆ ಫಟ್ಟನೆ ಹೊಡೆದಳು.

"ಬಾಯಿ ಮುಚ್ಚಲೇ. ಎಳಿ ಹರದೈತಿ."

ಅವನು ತಪ್ಪು ಮಾಡಿದ ಮಗುವಿನ ಹಾಗೆ ತೆಪ್ಪಗಾದ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ತುದಿ ಸಿಗಲು ಹೊತ್ತಾಯಿತು. ಬಳೆಯ ಸದ್ದು, ಅವಳ ಉಸಿರು, ಅಷ್ಟೇ. ಗಂಟು ಬಿಗಿದು ಅವಳು, "ಹೂಂ, ನಡಿ," ಎಂದಳು. ಅವನು ನಿಂತಿದ್ದ ಪದದಿಂದಲೇ ಹೊರಟ.

ಸಂಜೆ ರೆಕಾರ್ಡು ಮಾಡಿದ್ದನ್ನು ಕೇಳಿದ. ನಾನು, ಆ ತುಂಡು ತೆಗೆದುಹಾಕು ಅಣ್ಣ ಎಂದೆ. ಅವನು ಅದನ್ನೇ ಇನ್ನೊಮ್ಮೆ ಹಾಕಿ ಕೇಳಿ, "ಇಪ್ಪತ್ತು ವರ್ಷ ಬಡಬಡಿಸೇನಿ ತಂಗಿ. ಎಲ್ಲಿ ನಿಂದರಬೇಕು ಅನ್ನೂದನ್ನ ಇವತ್ತ ಕಾಕು ಕಲಿಸಿದ್ಲು," ಎಂದ.

ಅಲ್ಲಿಂದ ಅದೇ ಅವನ ಪದ್ಧತಿಯಾಯಿತು. ಎಳೆ ಎಲ್ಲಿ ಹರಿಯಿತೋ ಸಾಲು ಅಲ್ಲಿ ನಿಲ್ಲುತ್ತಿತ್ತು. ಒಡಲಿನ ಪದದಲ್ಲಿ ಒಂದು ಸಾಲಿತ್ತು:

ಅಂಗಡ್ಯಾಗ ಮಡಚಿಟ್ಟ ಸೀರಿಗೆ ಬೆವರಿನ ವಾಸನಿ ಇಲ್ಲ,
ಕುಣ್ಯಾಗ ಇಳಿಸಿದ ಕಾಲಿಗೆ...

ಇಲ್ಲಿ ಎಳೆ ಹರಿದಿತ್ತು. ಮಗ್ಗ ನಿಂತಿತು. ಬಳೆ, ಉಸಿರು, ಅವ್ವನ "ಹೂಂ, ನಡಿ". ಆಮೇಲೆ ಅವನು, ಇಡೀ ಆಲ್ಬಮ್ಮಿನಲ್ಲೇ ಎಲ್ಲಕ್ಕಿಂತ ಮೆತ್ತಗೆ, "ಸೂರ್ಯಾನ ಗುರುತ ಇಲ್ಲ" ಎಂದ. ಅವ್ವನ ಕಾಲುಗಳು ಐವತ್ತು ವರ್ಷ ಆ ಕುಣಿಯಲ್ಲಿದ್ದವು. ನಾನು ಎದ್ದು ಹಿತ್ತಲಿಗೆ ಹೋದೆ...

ಸೀರೆ ಮಗ್ಗದಿಂದ ಇಳಿದ ಎರಡು ತಿಂಗಳಿಗೆ ಅವ್ವ ಹೋದಳು. ನಮ್ಮಲ್ಲಿ ಅವಳ ಫೋಟೋ ಇವೆ. ಧ್ವನಿ ಎಲ್ಲಿಯೂ ಇರಲಿಲ್ಲ, ಅಣ್ಣನ ಮೆಮರಿ ಕಾರ್ಡಿನಲ್ಲಿ ಬಿಟ್ಟರೆ. ದಿನಕರ್ಮದ ದಿನ ಅವನು, "ಅಳಬ್ಯಾಡ. ಕಾಕು ನನ್ನ ಆಲ್ಬಮ್ಮಿನ್ಯಾಗ ಅದಾಳ, ಎಲ್ಲಿಗೂ ಹೋಗಂಗಿಲ್ಲ," ಎಂದ. ನಾನು ನಂಬಿದೆ.

ಅವನ ಮೇಲೆ ನನಗೆ ಸಿಟ್ಟಿದೆ. ಕೆಮ್ಮನ್ನು ಲವಂಗದಲ್ಲಿ ಮುಚ್ಚಿಟ್ಟ. ಬಾಗಲಕೋಟೆಯ ದವಾಖಾನೆಗೆ ಸೇರಿಸುವಾಗ ಪುಪ್ಪುಸದಲ್ಲಿ ಏನೂ ಉಳಿದಿರಲಿಲ್ಲ. ಅಲ್ಲಿ ಮಲಗಿ ಕಾರ್ಡನ್ನು ನನ್ನ ಕೈಗಿಟ್ಟು, ಆಲ್ಬಮ್ ತರಲು ಒಪ್ಪಿದ ಕಂಪನಿಯವರಿಗೆ ಕೊಡು ಎಂದ. "ಒಂದಽ ಮಾತು ಹೇಳು ಅವರಿಗೆ. ಗಂಟು ಹಾಕೋ ಜಾಗ ಮುಟ್ಟಬ್ಯಾಡ್ರಿ ಅಂತ. ಗಟ್ಟಿಯಾಗಿ ಹೇಳು. ನೀ ಮೆತ್ತಗ ಮಾತಾಡ್ತಿ."

ನಾನು ಮೆತ್ತಗೇ ಹೇಳಿದೆ.

ಅವನು ತೀರಿಕೊಂಡು ಹದಿನೈದು ದಿನವಾಗಿತ್ತು. ಬಾಗಲಕೋಟೆಯ ಆ ಆಫೀಸಿನಲ್ಲಿ ತಣ್ಣಗಿತ್ತು, ನೆಲ ಹೊಳೆಯುತ್ತಿತ್ತು. ಅವರು ನೀರು ಕೊಟ್ಟರು, ಚಹಾ ಕೊಟ್ಟರು, ಮೇಡಂ ಎಂದರು. ನನ್ನ ಮಾತು ಅವರ ಮಾತಿನ ಮುಂದೆ ಒರಟಾಗಿ ಕೇಳೀತೆಂದು ನಾಚಿದೆ. ಒಂದೇ ಒಂದು ಸಲ, ನೆಲ ನೋಡುತ್ತಾ ಹೇಳಿದೆ. "ಖಂಡಿತ ಮೇಡಂ, ನಮಗೆ ಅರ್ಥ ಆಗುತ್ತೆ," ಎಂದ ಅಲ್ಲಿದ್ದವನು. ಕಾರ್ಡು ಕೊಟ್ಟು ಬಸ್ಸು ಹತ್ತಿದೆ. ಒಂದು ಕಾಪಿ ಇಟ್ಟುಕೊಳ್ಳುವ ಬುದ್ಧಿಯೂ ನನಗಿರಲಿಲ್ಲ. ಅವನ ಮಾತನ್ನು ಮೊದಲು ಕಳೆದವಳು ನಾನೇ.

ಹೋದ ವಾರ ಆಲ್ಬಮ್ ಬಂತು. ಫೋನು ಹಿಡಿದು ಮಗ್ಗದ ಕೋಣೆಯಲ್ಲೇ ಕೂತು ಕೇಳಿದೆ. ಒಡಲಿನ ಪದ ಬಂತು. ಕುಣ್ಯಾಗ ಇಳಿಸಿದ ಕಾಲಿಗೆ ಸೂರ್ಯಾನ ಗುರುತ ಇಲ್ಲ. ಒಂದೇ ಉಸಿರು. ತಡೆಯಿಲ್ಲ, ಬಳೆಯಿಲ್ಲ, ಅವ್ವನಿಲ್ಲ. ತಪ್ಪಿ ಕೇಳಿದೆನೇನೋ ಎಂದು ಮತ್ತೆ ಹಾಕಿದೆ. ನಾಲ್ಕೂ ಪದ ಕೇಳಿದೆ. ಹರಿದ ಜಾಗಗಳನ್ನೆಲ್ಲ ಕತ್ತರಿಸಿ ಕೂಡಿಸಿದ್ದಾರೆ. ಕುಣಿಮಗ್ಗ ಪವರ್‌ಲೂಮಿನ ಹಾಗೆ ಒಂದೇ ಸಮನೆ ಬಡಿಯುತ್ತದೆ. ಅವ್ವ ಸಾಯುವವರೆಗೆ ಮನೆಯೊಳಗೆ ಬಿಟ್ಟುಕೊಳ್ಳದ ಸದ್ದನ್ನು ಅವಳ ಕೈಯಿಂದಲೇ ಮಾಡಿಸಿದ್ದಾರೆ. ಮುಖಪುಟದ ಫೋಟೋದಲ್ಲಿರುವುದೂ ಮಷೀನಿನ ಸೀರೆ. ಸೆರಗಿಗೆ ಕೊಂಡಿಯೇ ಇಲ್ಲ.

ಮೂರು ದಿನ ಬಿಟ್ಟು ಆ ಆಫೀಸಿನವನೇ ಫೋನು ಮಾಡಿದ. ಬಿಡುಗಡೆಯ ಕಾರ್ಯಕ್ರಮ ಇದೆ, ನಿಮ್ಮ ತಾಯಿ ನೇಯ್ದ ಸೀರೆ ವೇದಿಕೆಗೆ ಬೇಕು, ನೀವೂ ಬನ್ನಿ, ಶಾಲು ಹೊದಿಸುತ್ತೇವೆ ಎಂದ.

"ನಡುವ ನಿಂತದ್ದನ್ನ ಯಾಕ ತಗದ್ರಿ?" ಎಂದೆ.

"ಓ, ಅದಾ ಮೇಡಂ? ಮಧ್ಯೆ ಮಧ್ಯೆ ಖಾಲಿ ಇತ್ತಲ್ಲ. ಕೇಳೋರು ಫೋನ್ ಕೆಟ್ಟಿದೆ ಅಂದ್ಕೊಂಡು ಮುಂದಿನ ಹಾಡಿಗೆ ಹೋಗಿಬಿಡ್ತಾರೆ. ಈಗ ಸಖತ್ತಾಗಿ ಬಂದಿದೆ, ಅಲ್ವಾ?"

"ಆ ಕಾರ್ಡು ವಾಪಸ್ ಕೊಡ್ರಿ."

"ಎಡಿಟ್ ಆದ್ಮೇಲೆ ಹಳೇದನ್ನೆಲ್ಲ ಅಳಿಸಿಬಿಡ್ತೀವಿ, ಮೇಡಂ. ಅದರಲ್ಲಿ ಬೇರೆ ಏನಾದ್ರೂ ಇತ್ತಾ?"

ನಮ್ಮವ್ವ ಇದ್ದಳು ಎಂದೆ. ಈ ಸಲ ಗಟ್ಟಿಯಾಗಿಯೇ ಹೇಳಿದೆ. ಸೀರೆ ಕೊಡುವುದಿಲ್ಲ, ಶಾಲೂ ಬೇಡ ಎಂದು ಹೇಳಿ ಫೋನು ಇಟ್ಟೆ. ಗಟ್ಟಿ ಧ್ವನಿ ಬಂದರೂ ಹೊತ್ತು ಮೀರಿ ಬಂತು, ಅಣ್ಣ...

ಕೌದಿಯನ್ನು ಒಗೆಯಲಿಲ್ಲ. ಎದುರು ಮನೆಯ ಹುಡುಗರು ಮಧ್ಯಾಹ್ನದಿಂದ ಅದೇ ಆಲ್ಬಮ್ಮನ್ನು ದೊಡ್ಡದಾಗಿ ಹಾಕಿ ಕುಣಿಯುತ್ತಿದ್ದಾರೆ. ಅವರದೇನೂ ತಪ್ಪಿಲ್ಲ. ನಮ್ಮ ಓಣಿಯವನ ಪದವೆಂದು ಅವರಿಗೆ ಹೆಮ್ಮೆ. ಅವನಿಗೆ ಓಣಿಯ ಸದ್ದು ಬೇಡವೆಂದು ಕಟ್ಟಿದ್ದ ಕೌದಿಯನ್ನು ಅದೇ ಮೊಳೆಗಳಿಗೆ ಸಿಗಿಸಿ, ಅವನ ಪದ ಒಳಗೆ ಬಾರದಂತೆ ಕಿಟಕಿ ಮುಚ್ಚಿದೆ.

ಅವ್ವನ ಮಗ್ಗದ ಕುಣಿಯಲ್ಲಿ ಕಾಲು ಇಳಿಸಿ ಕೂತೆ. ಗೇಣು ನೇಯುವಷ್ಟರಲ್ಲಿ ಎಳೆ ಹರಿಯಿತು. ಕೈ ನಿಲ್ಲಿಸಿ, ಬಾಯಿ ಮುಚ್ಚಿ, ತುದಿ ಹುಡುಕಿ ಗಂಟು ಹಾಕಿದೆ. ಹಾಕಿದ ಮೇಲೂ ಲಾಳಿ ಓಡಿಸಲಿಲ್ಲ. ಹೊರಗೆ, ಕೌದಿಯ ಆಚೆ, ಆಲ್ಬಮ್ಮಿನ ಮಗ್ಗ ನಿಲ್ಲದೆ ಬಡಿಯುತ್ತಿತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ನಡಿ ಎನ್ನುವವರು ಯಾರೂ ಇರಲಿಲ್ಲ.